ಬೆಳಕಿನ ಲೆಕ್ಕ



ಕಿಗ್ಗದ ಮಳೆಗಾಲದ ಸಂಜೆ ದೀಪ ಹಚ್ಚಿ ಕಿಟಕಿಯ ಮುಂದೆ ನಿಂತರೆ ಗಾಜಿನಲ್ಲಿ ನಿಮ್ಮ ಮುಖವೂ ಕಾಣುತ್ತದೆ, ಹೊರಗಿನ ಅಡಿಕೆ ಮರವೂ ಕಾಣುತ್ತದೆ. ಗಾಜು ಬೆಳಕಿನ ಒಂದು ಪಾಲನ್ನು ಹಿಂದಕ್ಕೆ ಕಳಿಸಿ ಉಳಿದುದನ್ನು ದಾಟಿಸುತ್ತದೆ. ಎರಡೂ ಪಾಲು ಸಮನಾಗುವಂತೆ ತಯಾರಿಸಿದ ಗಾಜಿಗೆ ಬೀಮ್ ಸ್ಪ್ಲಿಟರ್ ಎನ್ನುತ್ತಾರೆ.

ಬೆಳಕು ಅಲೆಯಂತೆ ಸಾಗುತ್ತದೆ. ಎರಡು ಅಲೆಗಳ ಹೆಜ್ಜೆ, ಅಂದರೆ ಫೇಸ್, ಕೂಡಿದರೆ ಬೆಳಕು ಹೆಚ್ಚುತ್ತದೆ, ಎದುರಾದರೆ ಕತ್ತಲಾಗುತ್ತದೆ. ಹಾಗಾದರೆ ಕತ್ತಲಾದ ಕಡೆಯ ಶಕ್ತಿ ಎಲ್ಲಿ ಹೋಯಿತು?

ಬೆಳಕಿನ ವಿಷಯದಲ್ಲಿ ಕೇಳಿದ್ದನ್ನೇ ನಂಬದೆ ಪ್ರಯೋಗ ಮಾಡಿ ನೋಡಿದವರು ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್ ಹೈಸಮ್. 11ನೇ ಶತಮಾನದ ಅವರ 'ಕಿತಾಬುಲ್ ಮನಾಝಿರ್' ಯುರೋಪಿಗೂ ಪಾಠವಾಯಿತು. ಮುಂದೆ 1849ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ, ನ್ಯೂಟನ್ನನ ಉಂಗುರಗಳ ನಡುವಿನ ಚುಕ್ಕೆ ಪೂರ್ತಿ ಕಪ್ಪಾಗಿರುವುದೇಕೆ ಎಂದು ವಿಚಾರಿಸಿದರು. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿದರೆ ಮೊದಲಿನ ಕಿರಣವೇ ಸಿಗಬೇಕು ಎಂಬ ತರ್ಕದಿಂದ, ಗಾಜಿನ ಹೊರಗಿನ ಮತ್ತು ಒಳಗಿನ ಪ್ರತಿಫಲನಗಳ ನಡುವೆ ಅರ್ಧ ಅಲೆಯ ವ್ಯತ್ಯಾಸವಿದೆ ಎಂದು ತೋರಿಸಿದರು.

ಈಗ ನೀವೇ ಲೆಕ್ಕ ಮಾಡಿ. 100 ಪಾಲು ಬೆಳಕನ್ನು ಎರಡು ದಾರಿಗೆ 50-50 ಹಂಚಿ, ಇನ್ನೊಂದು ಬೀಮ್ ಸ್ಪ್ಲಿಟರಿನಲ್ಲಿ ಮತ್ತೆ ಕೂಡಿಸೋಣ. ಅದರ ಎರಡು ಬಾಗಿಲುಗಳಲ್ಲಿ ಒಂದೊಂದಕ್ಕೂ 25ರ ಎರಡು ಅಲೆಗಳು ಬರುತ್ತವೆ. ಶಕ್ತಿಯೆಂದರೆ ಅಲೆಯ ಎತ್ತರದ ವರ್ಗ. ಆದ್ದರಿಂದ ಪ್ರತಿ ಅಲೆಯ ಎತ್ತರ 5. ಎರಡೂ ಬಾಗಿಲಲ್ಲಿ 5+5 ಆದರೆ ಒಟ್ಟು ಶಕ್ತಿ 200! ಇಲ್ಲದ 100 ಎಲ್ಲಿಂದ ಬರಬೇಕು? ಆ ಅರ್ಧ ಅಲೆಯ ವ್ಯತ್ಯಾಸದಿಂದಾಗಿ ಒಂದು ಬಾಗಿಲಲ್ಲಿ 5+5 ಆದಾಗ ಇನ್ನೊಂದರಲ್ಲಿ 5-5 ಆಗುತ್ತದೆ. ಅಲ್ಲಿ 100, ಇಲ್ಲಿ ಸೊನ್ನೆ. ಕತ್ತಲೆಯು ಬೆಳಕನ್ನು ನುಂಗಲಿಲ್ಲ. ಬೆಳಕು ಇನ್ನೊಂದು ಬಾಗಿಲಿನಿಂದ ಹೊರಟಿತು, ಅಷ್ಟೆ.

ಎರಡು ಅಲೆಗಳು ಬೇರೆ ಬೇರೆ ದಿಕ್ಕಿನಲ್ಲಿ ಕಂಪಿಸುತ್ತಿದ್ದರೆ ಹೆಜ್ಜೆ ಹೋಲಿಸುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ, ಕೂಡಿದ ಬೆಳಕು ಅತಿ ಹೆಚ್ಚಾದಾಗ ಹೆಜ್ಜೆ ಕೂಡಿದಂತೆ ಎಂದು ನಿಯಮ ಕೊಟ್ಟರು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹೊಂದಿದರೂ ಮೂರನೆಯದು ಮೊದಲನೆಯದಕ್ಕೆ ಹೊಂದಬೇಕೆಂದಿಲ್ಲ ಎಂಬ ಅಚ್ಚರಿಯನ್ನೂ ಕಂಡರು. ಆಗ ಅವರ ವಯಸ್ಸು ಸುಮಾರು 22.

1969ರಲ್ಲಿ ಅವರು ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರ್ರಿ ಇಂಥದೇ ತತ್ವವನ್ನು ಬೇರೆ ದಾರಿಯಿಂದ ಕಂಡಾಗ, 1986ರಲ್ಲಿ ಪಂಚರತ್ನಂ ಅವರ ಹಳೆಯ ಲೇಖನವನ್ನು ಎತ್ತಿ ತೋರಿಸಿದವರು ಬೆಂಗಳೂರಿನ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ. ಬೆರ್ರಿಯವರೂ ಅದನ್ನು ಮನಸಾರೆ ಒಪ್ಪಿದರು.

ವಿದ್ಯಾರ್ಥಿಗಳೇ, ಮೆಚ್ಚುಗೆ ತಡವಾಗಿ ಬರಬಹುದು. ಆದರೆ ಸರಿಯಾಗಿ ಮಾಡಿ ಬರೆದಿಟ್ಟ ಲೆಕ್ಕ 30 ವರ್ಷಗಳ ನಂತರವೂ ಸರಿಯಾಗಿಯೇ ಇರುತ್ತದೆ. ನಿಮ್ಮ ಲೆಕ್ಕವನ್ನು ಬರೆದಿಡಿ.