ಸಂತತ ತೊಲೆಯ ನಮ್ಯತಾಸಿದ್ಧಾಂತ: ಒಂದು ಲಕ್ಷಣದ ಅವ್ಯಾಪ್ತಿ

ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಅದನ್ನು ಅವ್ಯಾಪ್ತಿದೋಷವೆಂದು ತಾರ್ಕಿಕರು ಹೇಳುವರು. ಈ ದೋಷವು ಶಾಸ್ತ್ರಗ್ರಂಥಗಳಲ್ಲಿ ಮಾತ್ರವಲ್ಲದೆ ಕಟ್ಟಡಗಳ ನಿಯಮಸಂಹಿತೆಯಲ್ಲಿಯೂ ನೆಲೆಸಬಲ್ಲುದೆಂಬುದಕ್ಕೆ ಉಕ್ಕಿನ ತೊಲೆಯ ಚರಿತ್ರೆಯು ನಿದರ್ಶನವಾಗಿದೆ.

ಬಾಗಿದ ವಸ್ತುವನ್ನು ಪೂರ್ವಸ್ಥಿತಿಗೆ ತರುವ ಗುಣವನ್ನು ಅನ್ನಂಭಟ್ಟನ ತರ್ಕಸಂಗ್ರಹವು ಸ್ಥಿತಿಸ್ಥಾಪಕವೆಂಬ ಸಂಸ್ಕಾರವಾಗಿ ಪರಿಗಣಿಸಿದೆ. ಕನ್ನಡದ ಭೌತಶಾಸ್ತ್ರದಲ್ಲಿಯೂ ಆ ಶಬ್ದವೇ ರೂಢವಾಗಿದೆ. ಆ ಗುಣದ ಎಲ್ಲೆಯನ್ನು ಮೀರಿ, ಭಾರವನ್ನು ತೆಗೆದರೂ ಬಾಗಿದಂತೆಯೇ ಉಳಿಯುವ ಸ್ವಭಾವವನ್ನು ಇಲ್ಲಿ ನಮ್ಯತೆಯೆಂದು ಕರೆಯುವೆವು. ಹತ್ತೊಂಬತ್ತನೆಯ ಶತಮಾನದ ಗಣಿತವು ಸ್ಥಿತಿಸ್ಥಾಪಕತೆಯ ಎಲ್ಲೆಯನ್ನೇ ತೊಲೆಯ ಬಲದ ಎಲ್ಲೆಯೆಂದು ಭಾವಿಸಿತ್ತು.

ಈ ಭಾವನೆಯನ್ನು ಹಂಗೆರಿಯ ಗಾಬರ್ ಕಾಜಿಂತ್ಸಿ ಎಂಬಾತನು 1914ರಲ್ಲಿ ಅಲುಗಿಸಿದನು. ಎರಡು ತುದಿಗಳನ್ನೂ ಭದ್ರವಾಗಿ ಹುಗಿದ ತೊಲೆಗಳನ್ನು ಪರೀಕ್ಷಿಸಿ, ತುದಿಗಳೆರಡೂ ನಡುವೂ ಸೇರಿ ಮೂರು ಸ್ಥಾನಗಳು ಸೋತಲ್ಲದೆ ತೊಲೆಯು ಕುಸಿಯದೆಂದು ಅವನು ಸಾಧಿಸಿದನು. ಅದರ ಯುಕ್ತಿಯು ಸುಲಭವಾದುದು. ಭಾರವು ಸಮವಾಗಿ ಹರಡಿರುವಾಗ ತುದಿಗಳಲ್ಲಿನ ಬಾಗುಬಲವು ನಡುವಿನದರ ಇಮ್ಮಡಿಯಾಗಿರುತ್ತದೆ. ಆದುದರಿಂದ ತುದಿಗಳೇ ಮೊದಲು ಸೋಲುವುವು. ಆದರೆ ಸೋತ ತುದಿಯು ತಾನು ಹೊತ್ತುದನ್ನು ಕೆಳಗಿಡುವುದಿಲ್ಲ. ಕೀಲಿನಂತೆ ತಿರುಗುತ್ತ, ಹೊಸದಾಗಿ ಬಂದುದನ್ನು ಮಾತ್ರ ನಡುವಿಗೆ ಒಪ್ಪಿಸುವುದು. ತುದಿಗಳು ಸೋತಾಗಿನ ಭಾರವನ್ನು 12 ಪಾಲೆಂದು ಇಟ್ಟುಕೊಂಡರೆ, ಆದರ್ಶ ಗಣಿತದಲ್ಲಿ, ತೊಲೆಯು ಕುಸಿಯುವಾಗ ಅದು 16 ಪಾಲಾಗಿರುತ್ತದೆ. ಹಲವು ಆಧಾರಗಳ ಮೇಲೆ ತುಂಡಾಗದೆ ಸಾಗುವ ಸಂತತ ತೊಲೆಗೂ ಇದೇ ನ್ಯಾಯವು ಸಲ್ಲುವುದು. ಮುಂದೆ ಜರ್ಮನಿಯ ಮಯರ್-ಲೈಬ್ನಿಟ್ಸನ ಪರೀಕ್ಷೆಗಳಿಂದ, ಆಧಾರವೊಂದು ತುಸು ಕುಸಿದರೂ ಅಂತಹ ತೊಲೆಯ ಕಡೆಯ ಬಲವು ಕುಂದದೆಂದು ತಿಳಿಯಿತು.

ಇಂಗ್ಲೆಂಡಿನಲ್ಲಿ ಈ ಸಿದ್ಧಾಂತವನ್ನು ಬೆಳೆಯಿಸಿದವನು ಜಾನ್ ಬೇಕರ್. 1941ರಲ್ಲಿ ಅವನು ಯೋಜಿಸಿದ ಮಾರಿಸನ್ ಆಶ್ರಯವು ಮೇಜಿನಾಕಾರದ ಉಕ್ಕಿನ ಪಂಜರ. ಬಾಂಬಿನ ಹೊಡೆತಕ್ಕೆ ಮನೆಯು ಮೇಲೆ ಬಿದ್ದಾಗ ಅದು ಬಗ್ಗಿ ಆ ವೇಗವನ್ನು ನುಂಗಿಕೊಂಡು, ಒಳಗೆ ಮಲಗಿದವರನ್ನು ಕಾಯುತ್ತಿತ್ತು. ಬಗ್ಗುವುದೇ ಅಲ್ಲಿ ರಕ್ಷಣೆ. 1948ರಲ್ಲಿ ಬ್ರಿಟಿಷ್ ನಿಯಮಸಂಹಿತೆಯು ಈ ಮಾರ್ಗಕ್ಕೆ ಮನ್ನಣೆಯಿತ್ತಿತು.

ಇಷ್ಟಾದರೂ ಸಿದ್ಧಾಂತದ ಲಕ್ಷಣವೆಲ್ಲವೂ ಸಾಮಾನ್ಯವಾದ ಮೆದು ಉಕ್ಕನ್ನು ನೋಡಿ ರಚಿತವಾದುದು. ಆ ಉಕ್ಕಿಗೆ ಸೋಲುವ ಒಂದು ಸ್ಫುಟವಾದ ಬಿಂದುವಿದೆ. ಅಲ್ಲಿಂದ ಮುಂದೆ ಎಳೆತವು ಹೆಚ್ಚದೆ ಕೆಲಕಾಲ ಹಿಗ್ಗುವುದುಂಟು. 1912-13ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿಯೂ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯ ಕೈಯಲ್ಲಿಯೂ ರೂಪುಗೊಂಡ ತುಕ್ಕು ಹಿಡಿಯದ ಉಕ್ಕಿಗೆ ಅಂತಹ ಬಿಂದುವಿಲ್ಲ. ನೂರಕ್ಕೆ 10.5 ಪಾಲಿಗೆ ಕಡಮೆಯಿಲ್ಲದಷ್ಟು ಕ್ರೋಮಿಯಂ ಕೂಡಿದ ಈ ಉಕ್ಕು ಕ್ರಮಕ್ರಮವಾಗಿ ಸೋಲುತ್ತ, ಸೋಲುತ್ತಲೇ ಗಡುಸಾಗುತ್ತ ಹೋಗುವುದು. ನೂರಕ್ಕೆ 0.2 ಪಾಲು ಶಾಶ್ವತವಾಗಿ ಹಿಗ್ಗಿದ ಎಡೆಯನ್ನೇ ಇದರ ಎಲ್ಲೆಯೆಂದು ವ್ಯವಹಾರಕ್ಕಾಗಿ ಒಪ್ಪಿಕೊಂಡಿದ್ದಾರೆ.

ಲಕ್ಷಣವು ಹೊಂದದಿರಲು ಲಕ್ಷ್ಯವನ್ನೇ ಹೊರಗಿಟ್ಟರು. ಯೂರೋಪಿನ 2006ರ ಸಂಹಿತೆಯು ಈ ಉಕ್ಕಿನ ಸಂತತ ತೊಲೆಗಳಿಗೆ ನಮ್ಯಗಣಿತದ ವಿಧಿಯನ್ನು ವಿಧಿಸಲಿಲ್ಲ. ಆಶ್ಚರ್ಯವೇನೆಂದರೆ, ನಿಕ್ಕಲ್ ಕೂಡಿದ ಆಸ್ಟೆನೈಟ್ ಜಾತಿಯ ಉಕ್ಕು ಮುರಿಯುವ ಮುನ್ನ ನೂರಕ್ಕೆ 40 ಪಾಲಿಗೂ ಮಿಗಿಲಾಗಿ ಹಿಗ್ಗಬಲ್ಲುದು; ಮೆದು ಉಕ್ಕಿಗೆ ಅಷ್ಟು ಶಕ್ತಿಯಿಲ್ಲ. ಹೆಚ್ಚು ನಮ್ಯವಾದುದಕ್ಕೇ ನಮ್ಯತೆಯ ಅಧಿಕಾರವು ತಪ್ಪಿತು! ಬೆಲೆಯುಳ್ಳ ಲೋಹವು ಅವಶ್ಯಕ್ಕಿಂತ ಅಧಿಕವಾಗಿ ವ್ಯಯವಾಗುವುದೇ ಇದರ ಫಲ.

ಬಾರ್ಸಿಲೋನದ ಮಿರಾಂಬೆಲ್ ಮತ್ತು ರಿಯಲ್ ಎಂಬವರು 2000ದಲ್ಲಿಯೂ, ಥಿಯೊಫಾನಸ್, ಗಾರ್ಡ್ನರ್ ಮೊದಲಾದವರು 2014ರಲ್ಲಿಯೂ ಪ್ರಕಟಿಸಿದ ಪರೀಕ್ಷೆಗಳು ಈ ಲಕ್ಷಣವನ್ನು ಪುನರ್ವಿಮರ್ಶೆಗೆ ತಂದುವು. ಗಾರ್ಡ್ನರನ ಮಾರ್ಗದಲ್ಲಿ ಸೋಲುವ ಬಿಂದುವಿಗೆ ಪ್ರಾಧಾನ್ಯವಿಲ್ಲ. ತೊಲೆಯ ಛೇದವು ಸುಕ್ಕುಗಟ್ಟುವ ಮುನ್ನ ಎಷ್ಟು ಹಿಗ್ಗಬಲ್ಲುದೆಂಬುದೇ ಪ್ರಧಾನ. ಇದರಿಂದ ಗಡುಸಾಗುವಿಕೆಯ ಲಾಭವೂ ಲೆಕ್ಕಕ್ಕೆ ಬರುವುದು. ಹಾಗೆಂದು ಎಲ್ಲ ತೊಲೆಗಳಿಗೂ ಇದನ್ನು ಅನ್ವಯಿಸಲಾಗದು. ತೆಳುವಾದ ತಗಡಿನ ತೊಲೆಯು ಕೀಲಾಗಿ ತಿರುಗುವ ಮೊದಲೇ ಸುಕ್ಕುಗಟ್ಟುವುದರಿಂದ, ಅದನ್ನೂ ಒಳಗೊಂಡರೆ ಅತಿವ್ಯಾಪ್ತಿಯಾದೀತು.

ಹೀಗೆ ಸೋಲುವ ಬಿಂದುವು ಮೆದು ಉಕ್ಕಿನ ಧರ್ಮವೇ ಹೊರತು ನಮ್ಯತೆಯ ಲಕ್ಷಣವಲ್ಲ. ಹೊರೆಯನ್ನು ಬಿಡದೆ ತಿರುಗುವ ಶಕ್ತಿಯೇ ಅದರ ನಿರ್ದುಷ್ಟ ಲಕ್ಷಣವೆಂದು ಹೇಳಬೇಕಾಗಿದೆ.