ಮೂಟೆಯ ಮೆಗ್ನೀಸಿಯಂ, ಡಬ್ಬಿಯ ಮೆಗ್ನೀಸಿಯಂ

ನಮ್ಮ ನರಿಮೊಗರಿನ ಕಡೆ ಮೆಗ್ನೀಸಿಯಂ ಅಂದರೆ ಮೂಟೆ. ಪುತ್ತೂರಿನ ಗೊಬ್ಬರದಂಗಡಿಯಿಂದ ಜೀಪಿನ ಹಿಂದೆ ಹಾಕಿಕೊಂಡು ಬರುವ, ಸಕ್ಕರೆಯ ಹಾಗೆ ಹೊಳೆಯುವ, ಅಡಿಕೆ ಮರದ ಬುಡಕ್ಕೆ ಬೀಳುವ ಮೆಗ್ನೀಸಿಯಂ ಸಲ್ಫೇಟ್. ಬೆಂಗಳೂರಿನಲ್ಲಿ ಮೆಗ್ನೀಸಿಯಂ ಅಂದರೆ ಡಬ್ಬಿ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಲಾಂಗ್ ರನ್ ಮುಗಿಸಿ ಕಾಫಿಗೆ ಕೂತವರ ಮಾತು ಕೇಳಿ: ಯಾರಿಗೋ 28ನೇ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡಿತು ಅಂದ ಕೂಡಲೇ ಪಕ್ಕದವರು "ಮೆಗ್ನೀಸಿಯಂ ತಗೋತಿದ್ದೀಯಾ ಇಲ್ವಾ?" ಅಂತಾರೆ. ಸಿಟ್ರೇಟ್ ಒಳ್ಳೇದೋ ಗ್ಲೈಸಿನೇಟ್ ಒಳ್ಳೇದೋ ಅನ್ನುವ ಚರ್ಚೆ ಎರಡನೇ ಕಾಫಿಯವರೆಗೆ ಎಳೆಯುತ್ತದೆ. ಇದನ್ನು ಊರಿನಲ್ಲಿ ಹೇಳಿದಾಗ ನನ್ನ ಮಾವ ಕೇಳಿದ್ದು ಇಷ್ಟೇ: "ಎಂತ ಮಾರಾಯ, ನಾವು ಮರದ ಬುಡಕ್ಕೆ ಹಾಕುವುದನ್ನು ನೀವು ನುಂಗುವುದಾ?"

ತಮಾಷೆಗೆ ಕೇಳಿದ್ದು, ಆದರೆ ಪ್ರಶ್ನೆ ತಮಾಷೆಯದ್ದಲ್ಲ. ಮರಕ್ಕೆ ಯಾಕೆ ಹಾಕುತ್ತೇವೆ ಅನ್ನೋದಕ್ಕೆ ನಮ್ಮೂರಿನಲ್ಲಿ ಸ್ಪಷ್ಟ ಉತ್ತರ ಇದೆ. ಕಾಲಿಗೆ ಯಾಕೆ ಅನ್ನೋದಕ್ಕೆ ಇದೆಯಾ?

ಮೊದಲು ಮರದ ಕಥೆ. ಪುತ್ತೂರು, ಸುಳ್ಯ, ಕಡಬದ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಮಣ್ಣು ಮುರಕಲ್ಲಿನದು. 1801ರಲ್ಲಿ ಈ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕಲ್ಲಿಗೇ 'ಲ್ಯಾಟರೈಟ್' ಅಂತ ಹೆಸರಿಟ್ಟದ್ದು, ಅಂದರೆ ಇಟ್ಟಿಗೆಕಲ್ಲು. ಸಾವಿರಾರು ವರ್ಷ ಮಳೆ ಹೊಡೆದು ಹೊಡೆದು ಈ ಮಣ್ಣಿನ ಸುಣ್ಣ, ಮೆಗ್ನೀಸಿಯಂ ಎಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿದೆ. ಹುಳಿ ಮಣ್ಣು. ಎಲೆಯ ಹಸಿರಿನ ಪ್ರತಿಯೊಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದನ್ನು ತೋರಿಸಿದ ಜರ್ಮನ್ ರಸಾಯನಶಾಸ್ತ್ರಜ್ಞ ರಿಚರ್ಡ್ ವಿಲ್‌ಸ್ಟಾಟರ್‌ಗೆ ಸಸ್ಯವರ್ಣಗಳ ಕೆಲಸಕ್ಕಾಗಿ 1915ರ ನೊಬೆಲ್ ಬಂತು. ಮೆಗ್ನೀಸಿಯಂ ಸಾಲದೆ ಹೋದರೆ ಮರ ಹಳೆಯ ಸೋಗೆಯಿಂದ ಅದನ್ನು ಕಿತ್ತು ಹೊಸ ಸೋಗೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಸೋಗೆ ಮೊದಲು ಹಳದಿಯಾಗುತ್ತದೆ. ಮೂಟೆ ತಂದು ಹಾಕಿದರೆ ಮರ ಸುಧಾರಿಸುತ್ತದೆ.

ಆದರೆ ಸುಳ್ಯದ ಕಡೆ ಹೋಗಿ. ಸಂಪಾಜೆ, ಅರಂತೋಡು, ಮರ್ಕಂಜದ ತೋಟಗಳಲ್ಲೂ ಸೋಗೆ ಹಳದಿಯಾಯಿತು. ಕೃಷಿಕರು ಸುಣ್ಣ ಹಾಕಿದರು, ಮೆಗ್ನೀಸಿಯಂ ಹಾಕಿದರು, ಸತು ಹಾಕಿದರು, ಯಾರೋ ಹೇಳಿದ ಇನ್ನೇನನ್ನೋ ಹಾಕಿದರು. ಚೆನ್ನಾಗಿ ಗೊಬ್ಬರ ಕೊಟ್ಟ ತೋಟ ಒಂದೆರಡು ವರ್ಷ ಹೆಚ್ಚು ತಾಳಿಕೊಂಡಿತು, ಅಷ್ಟೆ. ಅದು ಕೊರತೆಯಲ್ಲ, ರೋಗ. ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿಯ ಹಳದಿ ಎಲೆ ರೋಗ, ಮದ್ದಿಲ್ಲದ್ದು. ಅಡಿಕೆಯ ಮೇಲೇ ಬದುಕಿದ್ದ ಮನೆಗಳು ಮರ ಕಡಿದು ರಬ್ಬರ್ ಹಾಕಿದವು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದವರು ರೋಗ ತಡೆಯುವ ತಳಿ ಹುಡುಕುತ್ತಲೇ ಇದ್ದಾರೆ. ಎರಡೂ ಕಡೆ ಕಣ್ಣಿಗೆ ಕಂಡದ್ದು ಹಳದಿಯೇ. ಕಾರಣ ಮಾತ್ರ ಬೇರೆ ಬೇರೆ.

ಈಗ ಕಾಲಿಗೆ ಬರೋಣ. ಸ್ನಾಯು ಸೆಳೆತದ ಚರಿತ್ರೆ ಓಟಗಾರರಿಂದ ಶುರುವಾದದ್ದಲ್ಲ. ಮ್ಯಾರಥಾನ್ ಬಿಬ್ ಕಟ್ಟಿಕೊಳ್ಳುವವರು ಇದಕ್ಕೆ ಬಂದದ್ದು ಬಹಳ ತಡವಾಗಿ. ಮೊದಲು ಇದ್ದದ್ದು ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಎಸೆಯುವವರು, ಉಕ್ಕಿನ ಕುಲುಮೆಯವರು, ಗಣಿಯವರು. 1908ರಲ್ಲಿ ಫಿಲಡೆಲ್ಫಿಯಾದ ವೈದ್ಯ ಡೇವಿಡ್ ಎಡ್ಸಾಲ್ ವಿಪರೀತ ಶಾಖದಲ್ಲಿ ದುಡಿಯುವವರ ಸ್ನಾಯುಗಳು ಸೆಟೆದು ನಿಲ್ಲುವುದನ್ನು ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದ. 1923ರಲ್ಲಿ ಇಂಗ್ಲೆಂಡಿನ ಕೆ. ನೆವಿಲ್ ಮಾಸ್ ಆಳದ ಕಲ್ಲಿದ್ದಲು ಗಣಿಗಳಿಗೆ ಇಳಿದು ನೋಡಿದ: ಕಾರ್ಮಿಕರು ಲೀಟರುಗಟ್ಟಲೆ ಬೆವರು ಸುರಿಸಿ, ಬರೀ ನೀರು ಕುಡಿದು, ಆಮೇಲೆ ಸೆಳೆತದಿಂದ ಒದ್ದಾಡುತ್ತಿದ್ದರು. ನೀರಿಗೆ ಉಪ್ಪು ಹಾಕಿ ಕೊಟ್ಟಾಗ ಕಡಿಮೆಯಾಯಿತು. ಅಮೆರಿಕದಲ್ಲಿ ಹೂವರ್ ಅಣೆಕಟ್ಟು ಕಟ್ಟುವಾಗ 1931ರ ಬೇಸಿಗೆಯಲ್ಲಿ ಕಾರ್ಮಿಕರು ಬಿಸಿಲಿಗೆ ಸತ್ತರು. ಮರುವರ್ಷ ಹಾರ್ವರ್ಡಿನ ಆಯಾಸ ಪ್ರಯೋಗಾಲಯದವರು ಅಲ್ಲಿಗೇ ಹೋಗಿ ಬೆವರು, ರಕ್ತ ಅಳೆದರು. ಉತ್ತರ ಮತ್ತೆ ಉಪ್ಪು. ಅಡುಗೆಮನೆಯ ಉಪ್ಪು, ಸೋಡಿಯಂ.

ನಮ್ಮಲ್ಲೂ ಇಂಥ ಜಾಗ ಇತ್ತು. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ತಳದಲ್ಲಿ ಬಂಡೆಯೇ ಕೈ ಇಡಲಾಗದಷ್ಟು ಬಿಸಿ. ಅಲ್ಲಿನ ಕಾರ್ಮಿಕರು ಶಾಖಕ್ಕೆ ಕುಸಿದುಬೀಳುವುದರ ಬಗ್ಗೆ 1940ರ ದಶಕದಲ್ಲಿ ಎ. ಕ್ಯಾಪ್ಲಾನ್ ಎಂಬವರು ಮಾಡಿದ ಅಧ್ಯಯನವನ್ನು ಹೊರದೇಶದ ಗಣಿತಜ್ಞರೂ ಓದುತ್ತಿದ್ದರು. ಇವತ್ತು ಸ್ಪೋರ್ಟ್ಸ್ ಸೈನ್ಸ್ ಅಂತ ನಮಗೆ ಮಾರಾಟವಾಗುವುದರಲ್ಲಿ ಎಷ್ಟೋ ಭಾಗ ಇಂಥವರ ಬೆವರನ್ನು ಅಳೆದು ಸಿಕ್ಕಿದ್ದು. ಅವರಿಗೆ ಮೆಡಲ್ ಯಾರೂ ಕೊಡಲಿಲ್ಲ ಬಿಡಿ.

ಹಾಗಾದರೆ ಮೆಗ್ನೀಸಿಯಂ ಎಲ್ಲಿಂದ ಬಂತು? ಔಷಧವಾಗಿ ಅದು ಹಳೆಯದೇ. 1618ರ ಬರಗಾಲದಲ್ಲಿ ಇಂಗ್ಲೆಂಡಿನ ಎಪ್ಸಮ್ ಊರಿನ ದನಗಾಹಿಯೊಬ್ಬನ ದನಗಳು ಒಂದು ಗುಂಡಿಯ ನೀರನ್ನು ಮೂಸಿ ಕುಡಿಯದೆ ಬಿಟ್ಟವಂತೆ. ಕಹಿ ನೀರು. ಜನ ಅದನ್ನು ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಲು ಕಲಿತರು. 1695ರಲ್ಲಿ ನೆಹೆಮಿಯಾ ಗ್ರೂ ಆ ಉಪ್ಪಿನ ಬಗ್ಗೆ ಪುಸ್ತಕವನ್ನೇ ಬರೆದ. ಅದೇ ಎಪ್ಸಮ್ ಸಾಲ್ಟ್, ಅದೇ ಮಾವನ ಮೂಟೆಯ ಮೆಗ್ನೀಸಿಯಂ ಸಲ್ಫೇಟ್. ಸುಮಾರು ಮುನ್ನೂರು ವರ್ಷ ಅದರ ಮುಖ್ಯ ಕೆಲಸ ಭೇದಿ ಮಾಡಿಸುವುದು. ರೇಸಿನ ಹಿಂದಿನ ರಾತ್ರಿ ಎರಡು ಮಾತ್ರೆ ಜಾಸ್ತಿ ನುಂಗುವವರು ಈ ಇತಿಹಾಸವನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೇದು.

ಸೆಳೆತಕ್ಕೆ ಅದಕ್ಕಿಂತ ಮುಂಚೆ ಜನ ನುಂಗುತ್ತಿದ್ದದ್ದು ಕ್ವಿನೈನ್, ಘಟ್ಟದ ಬುಡದ ನಮ್ಮ ಹಿರಿಯರಿಗೆ ಮಲೇರಿಯಾದಿಂದ ಪರಿಚಯವಿದ್ದ ಅದೇ ಕಹಿ ಮದ್ದು. ಅಡ್ಡಪರಿಣಾಮ ಹೆಚ್ಚೆಂದು 1994ರಲ್ಲಿ ಅಮೆರಿಕ ಸೆಳೆತಕ್ಕಾಗಿ ಅದನ್ನು ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಆ ಕಪಾಟು ಖಾಲಿಯಾಯಿತು. ಅಲ್ಲಿ ಮೆಗ್ನೀಸಿಯಂ ಬಂದು ಕೂರಲು ಹೆಚ್ಚು ಸಾಕ್ಷಿ ಬೇಕಾಗಲಿಲ್ಲ ಅಂತ ನನ್ನ ಅಂದಾಜು. ಆಟಗಾರರ ವಿಷಯದಲ್ಲಿ ಪದೇ ಪದೇ ಉಲ್ಲೇಖವಾಗುವ ಒಂದು ವರದಿ 1983ರದ್ದು: ರಕ್ತದಲ್ಲಿ ಮೆಗ್ನೀಸಿಯಂ ನಿಜವಾಗಿಯೂ ಕಡಿಮೆಯಿದ್ದ ಟೆನಿಸ್ ಪಟುವೊಬ್ಬರಿಗೆ ಅದನ್ನು ಕೊಟ್ಟರು, ಸೆಳೆತ ನಿಂತಿತು. ಒಬ್ಬರು. ಅದೂ ಕೊರತೆ ಇದ್ದವರು. ನರಿಮೊಗರಿನ ಹಳದಿ ಸೋಗೆಯ ಹಾಗೆ.

ಕೊರತೆ ಇಲ್ಲದವರ ಕಥೆ ಕೇಪ್‌ಟೌನಿನದು. ದಕ್ಷಿಣ ಆಫ್ರಿಕದವರಿಗೆ ದೂರದ ಓಟ ನಮ್ಮ ಕ್ರಿಕೆಟ್ಟಿನ ಹಾಗೆ. ಓಡುವವರೂ ಅವರೇ, ಓಟಗಾರರ ರಕ್ತ ಪರೀಕ್ಷಿಸುವವರೂ ಅವರೇ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮ್ಯಾರಥಾನ್ ಓಟಗಾರರಿಗೆ ವಾರಗಟ್ಟಲೆ ದಿನಕ್ಕೆ 365 ಮಿಲಿಗ್ರಾಂ ಮೆಗ್ನೀಸಿಯಂ ಕೊಟ್ಟರು. ಓಟದ ವೇಗವೂ ಸುಧಾರಿಸಲಿಲ್ಲ, ಆಮೇಲೆ ಸ್ನಾಯು ಚೇತರಿಸಿಕೊಳ್ಳುವುದೂ ಬೇಗ ಆಗಲಿಲ್ಲ. ಅದು ಸೆಳೆತವನ್ನು ಅಳೆಯಲು ಮಾಡಿದ ಪ್ರಯೋಗವಲ್ಲ. ಸೆಳೆತವನ್ನೇ ಹಿಂಬಾಲಿಸಿದ್ದು ಮಾರ್ಟಿನ್ ಶ್ವೆಲ್ನಸ್ ಮತ್ತು ಸಂಗಡಿಗರು. ಅಲ್ಟ್ರಾ ಓಟವೊಂದರಲ್ಲಿ ಸೆಳೆತ ಬಂದವರ, ಬಾರದವರ ರಕ್ತವನ್ನು ಅವರು ಹೋಲಿಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಓಟ ಮುಗಿದ ಕೂಡಲೇ ಸೆಳೆತ ಬಂದವರ ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆ ಇರಲಿಲ್ಲ, ಒಂಚೂರು ಹೆಚ್ಚೇ ಇತ್ತು. ಲೀಟರಿಗೆ 0.73 ಮಿಲಿಮೋಲ್, ಬಾರದವರಲ್ಲಿ 0.67. ಎರಡೂ ವೈದ್ಯರು ತಲೆ ಕೆಡಿಸಿಕೊಳ್ಳುವಂಥ ಅಂಕಿಗಳಲ್ಲ. ಶ್ವೆಲ್ನಸ್ 1997ರಿಂದಲೇ ಹೇಳುತ್ತಿದ್ದದ್ದು ಬೇರೆ: ದಣಿದ ಸ್ನಾಯುವಿಗೆ 'ಬಿಗಿ' ಅನ್ನುವ ನರಸಂದೇಶ ಹೆಚ್ಚುತ್ತದೆ, 'ಬಿಡು' ಅನ್ನುವುದು ಕುಗ್ಗುತ್ತದೆ. ಅಭ್ಯಾಸಕ್ಕಿಂತ ಜೋರಾಗಿ ರೇಸ್ ಓಡಿದವರಿಗೆ, ಮೊದಲೂ ಸೆಳೆತ ಬಂದಿದ್ದವರಿಗೆ ಅದು ಹೆಚ್ಚು.

ಇದಕ್ಕೆ ಪುಷ್ಟಿ ಕೊಟ್ಟದ್ದು, ನಂಬಿದರೆ ನಂಬಿ, ಉಪ್ಪಿನಕಾಯಿ. 2010ರಲ್ಲಿ ಅಮೆರಿಕದ ಕೆವಿನ್ ಮಿಲ್ಲರ್ ಮತ್ತು ತಂಡ ಕಾಲ್ಬೆರಳಿಗೆ ವಿದ್ಯುತ್ತಿನಿಂದ ಸೆಳೆತ ಬರಿಸಿ, ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರು ಕುಡಿಸಿತು. ಬರೀ ನೀರು ಕುಡಿದವರಿಗೆ ಸುಮಾರು 134 ಸೆಕೆಂಡ್ ಇದ್ದ ಸೆಳೆತ ಇದರಲ್ಲಿ ಸುಮಾರು 85 ಸೆಕೆಂಡಿಗೆ ಬಿಟ್ಟಿತು. ಅಷ್ಟರೊಳಗೆ ಹೊಟ್ಟೆಯಿಂದ ರಕ್ತಕ್ಕೆ ಏನೂ ಹೋಗಿರಲು ಸಾಧ್ಯವಿಲ್ಲ. ಗಂಟಲಿಗೆ ಹುಳಿ ತಾಗಿದ್ದೇ ನರಕ್ಕೆ ಸುದ್ದಿ ಮುಟ್ಟಿಸಿರಬೇಕು ಅಂತ ಅವರ ಊಹೆ. ನಮ್ಮ ಮಿಡಿ ಉಪ್ಪಿನಕಾಯಿಯ ರಸಕ್ಕೆ ಈ ಪರೀಕ್ಷೆ ಇನ್ನೂ ಬಾಕಿ. ಪುತ್ತೂರಿನ ಯಾವುದಾದರೂ ಕಾಲೇಜಿನವರು ಮನಸ್ಸು ಮಾಡಬಹುದು.

2020ರಲ್ಲಿ ಕೊಕ್ರೇನ್ ಸಂಸ್ಥೆಯವರು ಮೆಗ್ನೀಸಿಯಂ ಮತ್ತು ಸೆಳೆತದ ಅಷ್ಟೂ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ರಾತ್ರಿ ಕಾಲು ಹಿಡಿಯುವ ವಯಸ್ಸಾದವರಿಗೆ ಹೇಳಿಕೊಳ್ಳುವ ಪ್ರಯೋಜನ ಇಲ್ಲ. ವ್ಯಾಯಾಮದಲ್ಲಿ ಬರುವ ಸೆಳೆತಕ್ಕೆ? ಸರಿಯಾಗಿ ನಡೆಸಿದ ಒಂದೇ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ. ಡಬ್ಬಿಯ ಮೇಲಿನ ಓಡುವ ಮನುಷ್ಯನ ಚಿತ್ರಕ್ಕೆ ಆಧಾರ ಇಷ್ಟು.

ಸೆಳೆತ ಬಂದಾಗ ಕೆಲಸ ಮಾಡುವುದು ಹಳೆಯ ಉಪಾಯವೇ: ನಿಂತು, ಮಂಡಿ ನೇರ ಮಾಡಿ, ಪಾದದ ಬೆರಳನ್ನು ಮೊಣಕಾಲಿನ ಕಡೆ ಎಳೆದು ಹಿಡಿಯುವುದು. ಅಡಿಕೆ ತೆಗೆಯುವವರು ಮರದಿಂದ ಇಳಿದು ಮುಂಗಾಲನ್ನು ಬುಡಕ್ಕೆ ಒತ್ತಿ ನಿಲ್ಲುವುದು ನೋಡಿದ್ದೇನೆ, ಅದೇ. ಬೆವರು ಧಾರಾಳ ಸುರಿಯುವ ಕರಾವಳಿಯ ಓಟದಲ್ಲಿ ಮೈಯೆಲ್ಲ ಒಂದೊಂದಾಗಿ ಸೆಟೆಯತೊಡಗಿದರೆ ಅದು ಗಣಿಯವರ ಜಾತಿಯ ಸೆಳೆತ. ಅಲ್ಲಿ ಬೇಕಾದ್ದು ನೆರಳು, ಉಪ್ಪು ಹಾಕಿದ ಗಂಜಿತಿಳಿ ಅಥವಾ ಓಆರ್‌ಎಸ್, ಮತ್ತು ಓಟ ನಿಲ್ಲಿಸುವುದು.

ನಿಜವಾದ ಕೊರತೆಯೂ ಇರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ರಕ್ತಪರೀಕ್ಷೆ ಪೂರ್ತಿ ಹೇಳುವುದಿಲ್ಲ, ಯಾಕೆಂದರೆ ಮೈಯ ಮೆಗ್ನೀಸಿಯಂನಲ್ಲಿ ರಕ್ತದಲ್ಲಿರುವುದು ನೂರಕ್ಕೆ ಒಂದು ಪಾಲೂ ಅಲ್ಲ; ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿದೆ. ಆದರೂ ತೀರಾ ಕಡಿಮೆಯಿದ್ದರೆ ಗೊತ್ತಾಗುತ್ತದೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಹೆಚ್ಚು ಕುಡಿತ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಇವು ಅದನ್ನು ಇಳಿಸುತ್ತವೆ. ನಮ್ಮ ವಯಸ್ಸಿನವರಿಗೆ ಇನ್ನೊಂದು ಉಂಟು: ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್. ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ ಅಂತ ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿತ್ತು. ಮೂತ್ರಪಿಂಡದ ತೊಂದರೆ ಇರುವವರಿಗೆ ಉಲ್ಟಾ ಅಪಾಯ, ಅದು ಮೈಯಲ್ಲೇ ಶೇಖರವಾಗುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮೆಗ್ನೀಸಿಯಂ ಡಬ್ಬಿಯ ಜೊತೆ, ಆಫೀಸಿನ ಡ್ರಾಯರಿನಲ್ಲಿರುವ ಆ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.