ಪೇಟೆಯ ಮೇಲಿನ ಸಿಟ್ಟು: ಮಲಪ್ರಭಾ ಸೀಮೆಯ ರೈತ ರಾಜಕಾರಣದ ಮರುಪರಿಶೀಲನೆ

ರೈತ ನಾಯಕ ಶರದ್ ಜೋಶಿ ಮಹಾರಾಷ್ಟ್ರದಲ್ಲಿ ‘ಇಂಡಿಯಾ’ (ನಗರ) ಮತ್ತು ‘ಭಾರತ’ದ (ಹಳ್ಳಿ) ನಡುವಣ ಜಗಳದ ಮಾತೆತ್ತಿದ ಕಾಲಕ್ಕೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದರಿಂದ, ಇಲ್ಲಿಯ ರೈತ ಚಳವಳಿಯನ್ನೂ ನಗರದ್ವೇಷವೆಂದು ಓದುವ ರೂಢಿಯಿದೆ. ಮಲಪ್ರಭಾ ಸೀಮೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಇತಿಹಾಸಕ್ಕೆ ಈ ಓದು ಹೊಂದುವುದಿಲ್ಲ. ಇಲ್ಲಿಯ ಸಿಟ್ಟಿಗೆ ಗುರಿಯಾದದ್ದು ಪೇಟೆಯಲ್ಲಿ ಕುಳಿತು ಕರ ಹೇರುವ ಅಧಿಕಾರ. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ನುಗ್ಗಿದ್ದು ಜೈಲಿಗೆ, ಅಂಗಡಿ ಸಾಲಿಗಲ್ಲ. ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೂ ಇದೇ ಕಂಡಿತು. ನೀರಾವರಿಯಿಂದ ಹೊಲದ ಬೆಲೆ ಏರಿತು, ಆದ್ದರಿಂದ ಬೆಟರ್‌ಮೆಂಟ್ ಲೆವಿ ಕಟ್ಟಬೇಕು ಎಂದಿತು ಸರಕಾರ. ಕೆಲವು ಹೊಲಕ್ಕೆ ನೀರೇ ಮುಟ್ಟಿಲ್ಲ, ಮುಟ್ಟಿದ ಎರೆಭೂಮಿ ಜವಳು ಹಿಡಿದಿದೆ, ಹತ್ತಿಯ ದರ ಬಿದ್ದಿದೆ ಎಂದ ರೈತ. ಈ ಜಗಳದಲ್ಲಿ 1980ರ ಜುಲೈ 21ರಂದು ಅದೇ ಕಾಲುವೆ ಸೀಮೆಯ ನವಲಗುಂದ, ನರಗುಂದಗಳಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಆ ದಿನದ ಸಂಘರ್ಷದ ಕೇಂದ್ರ ತಹಶೀಲ್ದಾರ ಕಚೇರಿ.

ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂದು ರೈತ ಸಂಘ ಊರ ಬಾಯಲ್ಲಿ ನೆಟ್ಟ ಫಲಕಗಳು ಹೊರಗಿನವರ ಮೇಲಿನ ಹಗೆಯಲ್ಲವೇ ಎಂದು ಕೇಳಬಹುದು. ಆ ಫಲಕ ತಡೆದದ್ದು ಜಪ್ತಿಗೆ ಬರುವವರನ್ನು. ಬಸ್ಸು, ವ್ಯಾಪಾರಿ, ಮಾಸ್ತರರಿಗೆ ತಡೆಯಿರಲಿಲ್ಲ. ಬೈಲಹೊಂಗಲದ ಹತ್ತಿ ಪೇಟೆಯಿಲ್ಲದೆ ಸುತ್ತಲಿನ ಹಳ್ಳಿಗಳ ಲೆಕ್ಕವೇ ಕೂಡದು. 1989ರಲ್ಲಿ ಕಿತ್ತೂರಿನಿಂದ ಗೆದ್ದ ರೈತ ನಾಯಕ ಬಾಬಾಗೌಡ ಪಾಟೀಲರು ವಿಧಾನಸೌಧಕ್ಕೆ ಹೋದರು, ಮುಂದೆ ಕೇಂದ್ರದ ಮಂತ್ರಿಯೂ ಆದರು. ರಾಜಧಾನಿಯನ್ನು ತೊರೆಯುವುದಕ್ಕಿಂತ ಅಲ್ಲಿ ಪಾಲು ಕೇಳುವುದೇ ಈ ಚಳವಳಿಯ ದಾರಿಯಾಗಿತ್ತು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ‘ಹಳ್ಳಿ’ ಒಂದೇ ದನಿಯಲ್ಲಿ ಮಾತಾಡುತ್ತದೆಂಬ ನಂಬಿಕೆ ಹೊಲವಿಲ್ಲದವನ ಕೂಲಿಯನ್ನೂ ದಲಿತ ಕೇರಿಯ ಅವಮಾನವನ್ನೂ ಮರೆಸಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ವೈಭವೀಕರಣವನ್ನು ಕಟುವಾಗಿ ತಿರಸ್ಕರಿಸಿದ್ದನ್ನು ಇಲ್ಲಿ ನೆನೆಯಬೇಕು. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವೂ ಮುಗ್ಧ ಹಳ್ಳಿಯನ್ನು ತೋರಿಸುವುದಿಲ್ಲ: ಅಲ್ಲಿ ಮೋಸ, ಕೊಲೆ ಎರಡೂ ಊರೊಳಗೇ, ಗೆಳೆಯರ ನಡುವೆಯೇ ಹುಟ್ಟುತ್ತವೆ. ರೈತ ಸಂಘದ ಭಾಷೆ ಈ ಒಳಬಿರುಕನ್ನು ಸಾಕಷ್ಟು ನೋಡಲಿಲ್ಲವೆಂದು ಒಪ್ಪಲೇಬೇಕು. ಆದರೆ ಅದು ಹಳ್ಳಿಯ ಬಗೆಗಿನ ಕುರುಡು. ಅದರಿಂದ ನಗರದ್ವೇಷ ಸಾಬೀತಾಗುವುದಿಲ್ಲ. ಇಲ್ಲಿ ಹಳ್ಳಿಗೂ ನಗರಕ್ಕೂ ನೀರಿನ ನಂಟಿದೆ: ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಗುವುದು ನವಿಲುತೀರ್ಥದ ಇದೇ ಜಲಾಶಯದಿಂದ. 2015ರಲ್ಲಿ, ಮಹದಾಯಿ ಕೊಳ್ಳದ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ಮಲಪ್ರಭಾ ದಂಡೆಯ ರೈತರು ಬೀದಿಗಿಳಿದಾಗ, ಅವರು ಕೇಳಿದ ನೀರಿನಲ್ಲಿ ಆ ಅವಳಿನಗರದ ಪಾಲೂ ಇತ್ತು.